ಹೊಸ ಮೊಬೈಲ್‌ಗೆ ಬ್ಯಾಕಪ್ ಮರುಸ್ಥಾಪನೆ ವಿಫಲವಾದಾಗ ಸಂಪರ್ಕ ಸಂಖ್ಯೆಗಳನ್ನು ಹಾಗೂ ದತ್ತಾಂಶವನ್ನು ಮರಳಿ ಪಡೆಯುವ ಬಗ್ಗೆ: ಪಾವಗಡ ತಾಲ್ಲೂಕಿನ ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಮೂರು ದಿಕ್ಕುಗಳಲ್ಲಿ ಆಂಧ್ರ ಪ್ರದೇಶದಿಂದ ಸುತ್ತುವರಿದಿರುತ್ತದೆ. ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿ.ಮೀ. ದೂರವಿದ್ದು, ಒಂದು ಕಾಗದಕ್ಕಾಗಿ ತುಮಕೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹಾಗೂ ಬಸ್ ವೆಚ್ಚ ಎರಡೂ ಕೈಬಿಟ್ಟಂತೆಯೇ ಸರಿ. ಆದ್ದರಿಂದಲೇ ಈ ಭಾಗದ ನಾಗರಿಕರು ಜಾತಿ ಹಾಗೂ ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಸಂಬಂಧಿಸಿದ ಸ್ವೀಕೃತಿ ಸಂಖ್ಯೆಗಳನ್ನು, ದಾಖಲೆಗಳ ಛಾಯಾಚಿತ್ರಗಳನ್ನು ಹಾಗೂ ಸಿಬ್ಬಂದಿಯ ದೂರವಾಣಿ ಸಂಖ್ಯೆಗಳನ್ನು ತಮ್ಮ ಮೊಬೈಲ್‌ನಲ್ಲಿಯೇ ಇಟ್ಟುಕೊಳ್ಳುವುದು ರೂಢಿಯಾಗಿದೆ. ಹಿಂದೆ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದ ಸಂಖ್ಯೆಯನ್ನು ಸುಣ್ಣ ಬಳಿಯುವವರೆಗಾದರೂ ಓದಬಹುದಾಗಿತ್ತು. ಮೊಬೈಲ್ ಬದಲಾದಾಗ ಅಷ್ಟು ಕಾಲಾವಕಾಶವೂ ಇರುವುದಿಲ್ಲ.

ಹಳೆಯ ಫೋನ್‌ನಿಂದ ಹೊಸ ಫೋನ್‌ಗೆ ಮಾಹಿತಿಯನ್ನು ವರ್ಗಾಯಿಸುವಾಗ, ಅಂದರೆ ಬ್ಯಾಕಪ್ ಮರುಸ್ಥಾಪಿಸುವಾಗ, ಕಾರ್ಯವು ಅರ್ಧಕ್ಕೇ ನಿಂತು ಸಂಖ್ಯೆಗಳ ಪಟ್ಟಿ ಖಾಲಿಯಾಗಿ ಕಾಣುವ ಪ್ರಸಂಗಗಳು ಉಂಟಾಗುತ್ತವೆ. ಇಂತಹ ಸಂದರ್ಭದಲ್ಲಿ ಅರ್ಜಿದಾರರು ಏನು ಮಾಡತಕ್ಕದ್ದು, ಏನು ಮಾಡತಕ್ಕದ್ದಲ್ಲ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಅರ್ಜಿಗೆ ಧಕ್ಕೆಯಾಗುವುದೇ?

ಮೊದಲಿಗೆ ಆತಂಕದ ವಿಷಯವನ್ನು ಇತ್ಯರ್ಥಪಡಿಸುವುದು ಸೂಕ್ತ. ಮೊಬೈಲ್‌ನಲ್ಲಿದ್ದ ಸಂದೇಶ ಅಳಿಸಿಹೋದ ಮಾತ್ರಕ್ಕೆ ಸರ್ಕಾರಿ ಕಚೇರಿಯಲ್ಲಿರುವ ಅರ್ಜಿಯು ಅಳಿಸಿಹೋಗುವುದಿಲ್ಲ. ನಾಡಕಚೇರಿಯಲ್ಲಿ ಸಲ್ಲಿಸಿದ ಅರ್ಜಿಯ ಆರ್‌ಡಿ ಸಂಖ್ಯೆ, ಸಕಾಲ ವ್ಯವಸ್ಥೆಯಡಿ ನೀಡಲಾಗುವ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಹಾಗೂ ಸೇವಾ ಸಿಂಧು ಅರ್ಜಿಯ ಸಂಖ್ಯೆ ಇವೆಲ್ಲವೂ ಸರ್ಕಾರದ ಗಣಕ ವ್ಯವಸ್ಥೆಯಲ್ಲಿ ದಾಖಲಾಗಿರುತ್ತವೆ. ಅರ್ಜಿ ಸಲ್ಲಿಸಿದ ಹೋಬಳಿ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ತೆರಳಿ, ಹೆಸರು, ಊರು ಹಾಗೂ ಅರ್ಜಿ ಸಲ್ಲಿಸಿದ ಅಂದಾಜು ದಿನಾಂಕವನ್ನು ತಿಳಿಸಿ ವಿಚಾರಿಸಬಹುದು. ಅರ್ಜಿ ಸಲ್ಲಿಸಿದಾಗ ನೀಡಿದ್ದ ಮುದ್ರಿತ ಸ್ವೀಕೃತಿ ಮನೆಯಲ್ಲಿದ್ದರೆ ಇದಾವುದರ ಅಗತ್ಯವೂ ಬೀಳುವುದಿಲ್ಲ.

ಅದೇ ರೀತಿ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2000 ರೂಪಾಯಿ ಅಥವಾ ಸಾಮಾಜಿಕ ಭದ್ರತಾ ಪಿಂಚಣಿಯು ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುವುದೇ ಹೊರತು ಮೊಬೈಲ್‌ಗೆ ಅಲ್ಲ. ಸಂದೇಶ ಬಾರದಿದ್ದರೂ ಹಣ ಜಮೆಯಾಗಿರಬಹುದಾದ್ದರಿಂದ ಪಾಸ್‌ಬುಕ್ ನಮೂದು ಮಾಡಿಸಿ ನೋಡುವುದು. ತಾಲ್ಲೂಕಿನ ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು ಹಾಗೂ ರಾಯಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನಿನಲ್ಲಿ ಹರಡಿರುವ ಸೌರ ಉದ್ಯಾನಕ್ಕೆ ಜಮೀನನ್ನು ಗುತ್ತಿಗೆ ನೀಡಿರುವ ರೈತರಿಗೂ ಇದೇ ಮಾತು ಅನ್ವಯಿಸುತ್ತದೆ. ಗುತ್ತಿಗೆ ಪತ್ರದ ಛಾಯಾಚಿತ್ರ ಫೋನ್‌ನಿಂದ ಹೋದರೆ ಗುತ್ತಿಗೆಯ ಹಕ್ಕು ಹೋಗುವುದಿಲ್ಲ. ನೋಂದಾಯಿತ ಪತ್ರದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ನಿಗದಿತ ಶುಲ್ಕ ಪಾವತಿಸಿ ಪಡೆಯಬಹುದಾಗಿದೆ.

ಡಿಜಿಲಾಕರ್‌ನಲ್ಲಿರುವ ದಾಖಲೆಗಳೂ ಫೋನ್‌ನಲ್ಲಿ ಇರುವುದಿಲ್ಲ. ಹೊಸ ಫೋನ್‌ನಲ್ಲಿ ಆ್ಯಪ್ ಸ್ಥಾಪಿಸಿ, ನೋಂದಾಯಿತ ಸಂಖ್ಯೆಗೆ ಬರುವ ಓಟಿಪಿ ಹಾಗೂ ತಮ್ಮ 6 ಅಂಕಿಗಳ ಭದ್ರತಾ ಪಿನ್ ನೀಡಿದರೆ ಎಲ್ಲವೂ ಮೊದಲಿನಂತೆಯೇ ಕಾಣುತ್ತವೆ. ಅದರಲ್ಲಿ ಇಲಾಖೆಗಳೇ ನೀಡಿರುವ ದಾಖಲೆಗಳಿಗೆ 2017ರ ತಿದ್ದುಪಡಿಯ ನಂತರ ಮೂಲ ದಾಖಲೆಗೆ ಸಮನಾದ ಮಾನ್ಯತೆಯಿದೆ.

ನಿಜವಾಗಿ ಕಳೆದುಹೋಗಬಹುದಾದದ್ದು ಬೇರೆಯೇ ಇದೆ. ರೈತರು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ತಮ್ಮ ಹೊಲದ ಛಾಯಾಚಿತ್ರ ತೆಗೆದು, ನೆಟ್‌ವರ್ಕ್ ಇಲ್ಲದ ಕಾರಣ ಇನ್ನೂ ಕಳುಹಿಸದೆ ಇಟ್ಟಿದ್ದ ಮಾಹಿತಿಯು ಫೋನ್ ಬಿಟ್ಟು ಬೇರೆಲ್ಲಿಯೂ ಇರುವುದಿಲ್ಲ. ಶೇಂಗಾ ಬೆಳೆ ಒಣಗಿದ ವರ್ಷ ಪರಿಹಾರಕ್ಕೂ ವಿಮೆಗೂ ಬೆಳೆ ವಿವರವೇ ಆಧಾರವಾಗಿರುವುದರಿಂದ, ಅಂತಹ ರೈತರು ಸಮೀಕ್ಷೆಯ ಅವಧಿ ಮುಗಿಯುವ ಮೊದಲೇ ಮತ್ತೊಮ್ಮೆ ಹೊಲಕ್ಕೆ ಹೋಗಿ ಚಿತ್ರ ತೆಗೆದು ಕಳುಹಿಸುವುದು, ಅಥವಾ ಗ್ರಾಮ ಆಡಳಿತ ಅಧಿಕಾರಿಗಳನ್ನು ಸಂಪರ್ಕಿಸುವುದು. ಇದರಲ್ಲಿ ವಿಳಂಬ ಸಲ್ಲದು.

ಸಿಮ್ ಮತ್ತು ಫೋನ್ ಬೇರೆ ಬೇರೆ

ಅರ್ಜಿದಾರರಲ್ಲಿ ಅನೇಕರು ಫೋನ್ ಬದಲಾದರೆ ಆಧಾರ್‌ಗೆ ಜೋಡಿಸಿದ ಸಂಖ್ಯೆಯೂ ಹೋಯಿತೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ಓಟಿಪಿ ಬರುವುದು ಸಿಮ್ ಸಂಖ್ಯೆಗೆ. ಸಿಮ್ ಅದೇ ಆಗಿದ್ದರೆ ಆಧಾರ್ ಕೇಂದ್ರಕ್ಕೆ ಹೋಗುವ ಅವಶ್ಯಕತೆಯಿಲ್ಲ. ಸದರಿ ಸಿಮ್ ಅನ್ನು ಒಂದು ಸಾಧಾರಣ ಕೀಪ್ಯಾಡ್ ಫೋನ್‌ಗೆ ಹಾಕಿದರೂ ಓಟಿಪಿ ಬರುತ್ತದೆ.

ಸಿಮ್ ಕೂಡ ಕಳೆದುಹೋಗಿದ್ದಲ್ಲಿ ಅಥವಾ ಕೆಟ್ಟಿದ್ದಲ್ಲಿ, ಅದೇ ಸಂಖ್ಯೆಯ ಬದಲಿ ಸಿಮ್ ಪಡೆಯತಕ್ಕದ್ದು. ಇಲ್ಲಿ ಎರಡು ಅಂಶಗಳನ್ನು ಗಮನಿಸುವುದು. ಮೊದಲನೆಯದಾಗಿ, ವಂಚನೆ ತಡೆಯುವ ಸಲುವಾಗಿ ದೂರಸಂಪರ್ಕ ಇಲಾಖೆಯು 2022ರಲ್ಲಿ ನೀಡಿದ ಸೂಚನೆಯಂತೆ, ಬದಲಿ ಸಿಮ್ ಚಾಲನೆಗೊಂಡ ನಂತರ 24 ಗಂಟೆಗಳ ಕಾಲ ಎಸ್‌ಎಂಎಸ್ ಸೇವೆಯನ್ನು ತಡೆಹಿಡಿಯಲಾಗುತ್ತದೆ. ಆ ಅವಧಿಯಲ್ಲಿ ಓಟಿಪಿ ಬರುವುದಿಲ್ಲ. ಅರ್ಜಿಯ ಕೊನೆಯ ದಿನದಂದು ಬದಲಿ ಸಿಮ್ ಪಡೆದವರಿಗೆ ಇದರಿಂದ ತೊಂದರೆಯಾಗುತ್ತದೆ. ಎರಡನೆಯದು ಈ ಗಡಿ ತಾಲ್ಲೂಕಿಗೆ ವಿಶೇಷವಾದದ್ದು. ಮದುವೆ, ವ್ಯಾಪಾರ, ಸಂತೆಗಳ ನಿಮಿತ್ತ ಹಿಂದೂಪುರ ಅಥವಾ ಮಡಕಶಿರಾದಲ್ಲಿ ಖರೀದಿಸಿದ ಸಿಮ್ ಆಂಧ್ರ ಪ್ರದೇಶದ ದೂರಸಂಪರ್ಕ ವಲಯಕ್ಕೆ ಸೇರಿರುತ್ತದೆ. ಅದು ಪಾವಗಡದಲ್ಲಿ ಎಷ್ಟೇ ವರ್ಷ ಬಳಕೆಯಲ್ಲಿದ್ದರೂ ಬದಲಿ ಸಿಮ್‌ಗಾಗಿ ಸಾಮಾನ್ಯವಾಗಿ ಸಿಮ್ ನೀಡಿದ ವಲಯದ ಮಳಿಗೆಗೇ ಹೋಗಬೇಕಾಗುತ್ತದೆ. ಪಾವಗಡದ ಅಂಗಡಿಯಲ್ಲಿ ಆಗುವುದಿಲ್ಲವೆಂದರೆ ಅದು ಅಂಗಡಿಯವರ ತಪ್ಪಲ್ಲ.

ಮರುಸ್ಥಾಪನೆ ವಿಫಲವಾಗಲು ಕಾರಣಗಳು

ಬ್ಯಾಕಪ್ ಮತ್ತು ಸಿಂಕ್ ಎಂಬ ಎರಡು ಪದಗಳ ವ್ಯತ್ಯಾಸ ತಿಳಿದರೆ ಮುಂದಿನ ವಿಷಯವು ಸುಲಭವಾಗುತ್ತದೆ. ಬ್ಯಾಕಪ್ ಎಂದರೆ ಅಂಗಡಿಯ ಖಾತಾ ಪುಸ್ತಕವನ್ನು ಒಂದು ದಿನ ನಕಲು ಮಾಡಿ ಪೆಟ್ಟಿಗೆಯಲ್ಲಿ ಇಟ್ಟಂತೆ. ಸಿಂಕ್ ಎಂದರೆ ಎರಡು ಊರಿನಲ್ಲಿರುವ ಎರಡು ಖಾತಾ ಪುಸ್ತಕಗಳು ಸದಾ ಒಂದೇ ಆಗಿರುವಂತೆ ನೋಡಿಕೊಳ್ಳುವುದು. ಒಂದರಲ್ಲಿ ಬರೆದರೆ ಇನ್ನೊಂದರಲ್ಲಿ ಬರೆಯಲ್ಪಡುತ್ತದೆ, ಒಂದರಲ್ಲಿ ಹೊಡೆದುಹಾಕಿದರೆ ಇನ್ನೊಂದರಲ್ಲಿಯೂ ಹೋಗುತ್ತದೆ. ಗೂಗಲ್ ಖಾತೆಯಲ್ಲಿ ಉಳಿಸಿದ ಸಂಪರ್ಕ ಸಂಖ್ಯೆಗಳು ಸಿಂಕ್ ಆಗುತ್ತವೆ. ಕರೆಗಳ ಪಟ್ಟಿ, ಎಸ್‌ಎಂಎಸ್, ಫೋನ್‌ನ ಸಿದ್ಧತೆಗಳು ಬ್ಯಾಕಪ್‌ಗೆ ಸೇರುತ್ತವೆ. ಸಂಖ್ಯೆಯನ್ನು ಉಳಿಸುವಾಗ 'ಫೋನ್' ಅಥವಾ 'ಸಿಮ್' ಎಂದು ಆರಿಸಿದ್ದರೆ, ಅದು ಗೂಗಲ್ ಖಾತೆಯೊಂದಿಗೆ ತಾನಾಗಿಯೇ ಸಿಂಕ್ ಆಗುವುದಿಲ್ಲ. ಮರುಸ್ಥಾಪನೆಯ ನಂತರ ಅರ್ಧ ಸಂಖ್ಯೆಗಳು ಬಂದು ಅರ್ಧ ಬಾರದಿರುವುದಕ್ಕೆ ಬಹುಪಾಲು ಇದೇ ಕಾರಣ.

ಆಂಡ್ರಾಯ್ಡ್ ಫೋನ್‌ಗಳಲ್ಲಿ ಸ್ವಯಂಚಾಲಿತ ಬ್ಯಾಕಪ್ ನಡೆಯಬೇಕಾದರೆ ಫೋನ್ ಚಾರ್ಜ್ ಆಗುತ್ತಿರಬೇಕು, ಬಳಕೆಯಲ್ಲಿ ಇರಬಾರದು ಹಾಗೂ ವೈಫೈ ಸಂಪರ್ಕದಲ್ಲಿರಬೇಕು. ಹಳ್ಳಿಯ ಮನೆಗಳಲ್ಲಿ ವೈಫೈ ಇರುವುದು ಅಪರೂಪ. ಮೊಬೈಲ್ ಡೇಟಾ ಬಳಸಿ ಬ್ಯಾಕಪ್ ಮಾಡಲು ಅನುಮತಿ ನೀಡದಿದ್ದರೆ ವರ್ಷಗಟ್ಟಲೆ ಒಂದು ಬ್ಯಾಕಪ್ ಕೂಡ ಆಗಿರುವುದಿಲ್ಲ. ಬ್ಯಾಕಪ್ ಗುಂಡಿ ಚಾಲನೆಯಲ್ಲಿ ಇದ್ದುದರಿಂದ ಎಲ್ಲವೂ ಸುರಕ್ಷಿತವಾಗಿದೆ ಎಂದು ಮಾಲೀಕರು ನಂಬಿರುತ್ತಾರೆ. ದೊಡ್ಡ ಸಂಸ್ಥೆಗಳೂ ಇದರಿಂದ ಹೊರತಲ್ಲ. ದಿನಾಂಕ 31-01-2017ರಂದು ಗಿಟ್‌ಲ್ಯಾಬ್ ಎಂಬ ಅಂತರರಾಷ್ಟ್ರೀಯ ತಂತ್ರಾಂಶ ಸಂಸ್ಥೆಯಲ್ಲಿ ದತ್ತಸಂಚಯವು ಕೈತಪ್ಪಿ ಅಳಿಸಿಹೋದಾಗ, ಹಲವು ಬಗೆಯ ಬ್ಯಾಕಪ್ ವ್ಯವಸ್ಥೆಗಳಿದ್ದೂ ಅವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ಅಂದೇ ಬೆಳಕಿಗೆ ಬಂದಿತು. ಸುಮಾರು 6 ಗಂಟೆಗಳ ದತ್ತಾಂಶ ಶಾಶ್ವತವಾಗಿ ನಷ್ಟವಾಯಿತು.

ಇತರ ಕಾರಣಗಳು ಇಂತಿವೆ: ಹೊಸ ಫೋನ್‌ನ ಆಂಡ್ರಾಯ್ಡ್ ಆವೃತ್ತಿಯು ಹಳೆಯ ಫೋನ್‌ನದಕ್ಕಿಂತ ಕೆಳಗಿನದಾಗಿರುವುದು, ಮಧ್ಯದಲ್ಲಿ ನೆಟ್‌ವರ್ಕ್ ಕಡಿತಗೊಳ್ಳುವುದು, ಹೊಸ ಫೋನ್‌ನಲ್ಲಿ ಸ್ಥಳಾವಕಾಶ ಸಾಲದಿರುವುದು, ಹಳೆಯ ಫೋನ್‌ನ ಪರದೆ ತೆರೆಯುವ ಪಿನ್ ಅಥವಾ ಪ್ಯಾಟರ್ನ್ ಮರೆತಿರುವುದು. ಬ್ಯಾಕಪ್ ಬೀಗ ಹಾಕಿದ ಸ್ಥಿತಿಯಲ್ಲಿರುವುದರಿಂದ ಹಳೆಯ ಫೋನ್‌ನ ಪಿನ್ ಕೇಳಲಾಗುತ್ತದೆ. ಹೊಸ ಫೋನ್‌ನ ಪಿನ್ ನಮೂದಿಸಿದರೆ ಪ್ರಯೋಜನವಿಲ್ಲ.

ಈ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವುದು ಖಾತೆಯ ಗೊಂದಲ. ಫೋನ್ ಖರೀದಿಸಿದಾಗ ಅಂಗಡಿಯವರೇ ಒಂದು ಹೊಸ ಗೂಗಲ್ ಖಾತೆ ತೆರೆದು ಕೊಟ್ಟಿರುತ್ತಾರೆ. ಅದರ ಹೆಸರಾಗಲಿ ಗುಪ್ತಪದವಾಗಲಿ ಗ್ರಾಹಕರಿಗೆ ತಿಳಿದಿರುವುದಿಲ್ಲ. ಮುಂದಿನ ಫೋನ್ ಕೊಂಡಾಗ ಮತ್ತೊಂದು ಖಾತೆ. ಹೀಗಾಗಿ ಸಂಖ್ಯೆಗಳು ಕಳೆದುಹೋಗಿರುವುದಿಲ್ಲ, ಬೇರೊಂದು ಖಾತೆಯಲ್ಲಿ ಕಾಣದಂತೆ ಕುಳಿತಿರುತ್ತವೆ.

ವಿಫಲವಾದ ಕೂಡಲೇ ಮಾಡಬೇಕಾದದ್ದು

ಹಳೆಯ ಫೋನ್ ಕೈಯಲ್ಲಿದ್ದರೆ ಅದನ್ನು ವಿನಿಮಯಕ್ಕೆ ಕೊಡತಕ್ಕದ್ದಲ್ಲ ಹಾಗೂ ಫ್ಯಾಕ್ಟರಿ ರೀಸೆಟ್ ಮಾಡತಕ್ಕದ್ದಲ್ಲ. ಆಂಡ್ರಾಯ್ಡ್ 10 ಹಾಗೂ ನಂತರದ ಆವೃತ್ತಿಯೊಂದಿಗೆ ಮಾರಾಟವಾದ ಫೋನ್‌ಗಳಲ್ಲಿ ಎಲ್ಲ ದತ್ತಾಂಶವೂ ಸಂಕೇತೀಕರಣಗೊಂಡಿರುತ್ತದೆ. ರೀಸೆಟ್ ಮಾಡಿದಾಗ ಅದನ್ನು ಓದುವ ಕೀಲಿಯೇ ನಾಶವಾಗುವುದರಿಂದ, ನಂತರ ಯಾವ ತಂತ್ರಾಂಶದಿಂದಲೂ ಅದನ್ನು ಹೊರತೆಗೆಯಲು ಸಾಧ್ಯವಿಲ್ಲ. ಹಳೆಯ ಫೋನ್ ವಿನಿಮಯದಲ್ಲಿ ಸಿಗುವ ಒಂದೆರಡು ಸಾವಿರ ರೂಪಾಯಿಗಾಗಿ ಅವಸರಪಡುವುದು ಬೇಡ; ಕನಿಷ್ಠ ಒಂದು ತಿಂಗಳು ಇಟ್ಟುಕೊಳ್ಳುವುದು ಲೇಸು.

ಹಳೆಯ ಫೋನ್‌ನಲ್ಲಿ ಸಂಖ್ಯೆಗಳು ಇನ್ನೂ ಕಾಣುತ್ತಿದ್ದರೆ, ಮೊದಲು ಅದರ ಇಂಟರ್‌ನೆಟ್ ಸಂಪರ್ಕ ಕಡಿತಗೊಳಿಸಿ ಏರ್‌ಪ್ಲೇನ್ ಮೋಡ್‌ಗೆ ಹಾಕುವುದು. ಮೇಲೆ ಹೇಳಿದಂತೆ ಸಿಂಕ್ ಎರಡೂ ಕಡೆ ಕೆಲಸ ಮಾಡುವುದರಿಂದ, ಹೊಸ ಫೋನ್‌ನಲ್ಲಿ ಆದ ಅಳಿಸುವಿಕೆ ಹಳೆಯದಕ್ಕೂ ತಲುಪಬಹುದು. ನಂತರ ಸಂಪರ್ಕಗಳ ಆ್ಯಪ್‌ನಲ್ಲಿ 'ಎಕ್ಸ್‌ಪೋರ್ಟ್' ಎಂಬುದನ್ನು ಆರಿಸಿ ವಿಸಿಎಫ್ ಕಡತವೊಂದನ್ನು ಸಿದ್ಧಪಡಿಸಿ, ಬ್ಲೂಟೂತ್ ಅಥವಾ ಮೆಮೊರಿ ಕಾರ್ಡ್ ಮೂಲಕ ಹೊಸ ಫೋನ್‌ಗೆ ಕಳುಹಿಸಿ ತೆರೆದರೆ ಎಲ್ಲ ಸಂಖ್ಯೆಗಳೂ ಬಂದು ಸೇರುತ್ತವೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ಗುಪ್ತಪದ ಬೇಕಿಲ್ಲ.

ಕನ್ನಡದಲ್ಲಿ ಹಾಗೂ ತೆಲುಗಿನಲ್ಲಿ ಹೆಸರು ಉಳಿಸಿರುವವರಿಗೆ ಒಂದು ಸೂಚನೆ. ಕೆಲವು ವಿಸಿಎಫ್ ಕಡತಗಳನ್ನು ಗಣಕಯಂತ್ರದಲ್ಲಿ ತೆರೆದಾಗ ಹೆಸರಿನ ಜಾಗದಲ್ಲಿ ಸಮಚಿಹ್ನೆ ಹಾಗೂ ಅಂಕಿಗಳ ಉದ್ದನೆಯ ಸಾಲು ಕಾಣುತ್ತದೆ. ಕಡತ ಹಾಳಾಗಿದೆಯೆಂದು ತಿಳಿದು ಅಳಿಸಬಾರದು. ಅಕ್ಷರಗಳನ್ನು ಬರೆದಿಡುವ ಒಂದು ಪದ್ಧತಿ ಅದು, ಫೋನ್‌ನಲ್ಲಿ ತೆರೆದರೆ ಹೆಸರು ಸರಿಯಾಗಿಯೇ ಬರುತ್ತದೆ. ಆದರೆ ಸಂಪರ್ಕಗಳ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಹಾಗೆಯೇ ಉಳಿಸಿದರೆ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುವ ಸಂಭವವಿದೆ. ಹೀಗಾದ ಮೇಲೆ ಸರಿಪಡಿಸುವ ದಾರಿಯಿಲ್ಲ. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಇಡುವುದು. ಇನ್ನು ಸಿಮ್‌ನಲ್ಲಿ ಸಾಮಾನ್ಯವಾಗಿ 250ರಷ್ಟು ಸಂಖ್ಯೆಗಳಿಗೆ ಮಾತ್ರ ಸ್ಥಳವಿದ್ದು, ಹೆಸರಿನ ಅಂಕಣವೂ ಚಿಕ್ಕದು. ಕನ್ನಡದ ಅಕ್ಷರವು ಹೆಚ್ಚು ಸ್ಥಳ ತೆಗೆದುಕೊಳ್ಳುವುದರಿಂದ ಸಿಮ್‌ಗೆ ನಕಲು ಮಾಡಿದಾಗ ಹೆಸರುಗಳು ಅರ್ಧಕ್ಕೆ ತುಂಡಾಗುತ್ತವೆ. ಒಂದೇ ಊರಿನ ಐದು ಮಂದಿ ಹನುಮಂತರಾಯಪ್ಪನವರು ಒಂದೇ ಹೆಸರಾಗಿ ಉಳಿದರೆ ಯಾರ ಸಂಖ್ಯೆ ಯಾವುದೆಂದು ತಿಳಿಯುವುದು ಕಷ್ಟ.

ಗೂಗಲ್ ಖಾತೆಯಿಂದ ಸಂಖ್ಯೆಗಳನ್ನು ಮರಳಿ ಪಡೆಯುವುದು

ಹಳೆಯ ಫೋನ್ ಇಲ್ಲದವರು ಮೊದಲು ತಮ್ಮ ಹಳೆಯ ಗೂಗಲ್ ಖಾತೆ ಯಾವುದೆಂದು ಪತ್ತೆಹಚ್ಚತಕ್ಕದ್ದು. ಗೂಗಲ್‌ನ ಪ್ರವೇಶ ಪುಟದಲ್ಲಿ 'ಇಮೇಲ್ ಮರೆತಿದ್ದೀರಾ' ಎಂಬುದನ್ನು ಆರಿಸಿ, ಮೊಬೈಲ್ ಸಂಖ್ಯೆ ಹಾಗೂ ಖಾತೆಯಲ್ಲಿರುವ ಹೆಸರನ್ನು ನಮೂದಿಸಿದರೆ, ಆ ಸಂಖ್ಯೆಗೆ ಜೋಡಣೆಯಾಗಿರುವ ಖಾತೆಗಳ ಪಟ್ಟಿ ದೊರೆಯುತ್ತದೆ. ಅಂಗಡಿಯವರು ಹೆಸರಿನ ಜಾಗದಲ್ಲಿ ಏನು ಬರೆದಿದ್ದಾರೋ ಅದನ್ನೇ ನಮೂದಿಸಬೇಕಾಗುತ್ತದೆ. ಬಿಲ್ ಮೇಲಿರುವ ಹೆಸರನ್ನು ಒಮ್ಮೆ ಪ್ರಯತ್ನಿಸುವುದು. ಗುಪ್ತಪದ ಮರುಪಡೆಯುವ ಪ್ರಯತ್ನವನ್ನು ಹಿಂದೆ ಆ ಖಾತೆಯನ್ನು ಬಳಸಿದ ಫೋನ್‌ನಿಂದ ಹಾಗೂ ಮನೆಯಂತಹ ಪರಿಚಿತ ಸ್ಥಳದಿಂದ ಮಾಡಿದರೆ ಸಫಲವಾಗುವ ಸಾಧ್ಯತೆ ಹೆಚ್ಚು. ಎರಡು ವರ್ಷಗಳ ಕಾಲ ಬಳಸದ ಖಾತೆಗಳನ್ನು ಗೂಗಲ್ ಸಂಸ್ಥೆಯು ಡಿಸೆಂಬರ್ 2023ರಿಂದ ಅಳಿಸುತ್ತಾ ಬಂದಿರುವುದರಿಂದ ತೀರಾ ಹಳೆಯ ಖಾತೆಗಳು ದೊರೆಯದೇ ಇರಬಹುದು.

ಖಾತೆ ದೊರೆತ ನಂತರ, ಗಣಕಯಂತ್ರದಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ಪುಟವನ್ನು ತೆರೆದು ನೋಡುವುದು. ಅಲ್ಲಿ ಎರಡು ಅನುಕೂಲಗಳಿವೆ. ಅಳಿಸಿದ ಸಂಖ್ಯೆಗಳು 'ಟ್ರ್ಯಾಶ್' ಎಂಬ ವಿಭಾಗದಲ್ಲಿ 30 ದಿನಗಳವರೆಗೆ ಇರುತ್ತವೆ. ಇದಲ್ಲದೆ 'ಅನ್‌ಡು ಚೇಂಜಸ್' ಎಂಬ ಆಯ್ಕೆಯಿಂದ ಇಡೀ ಪಟ್ಟಿಯನ್ನು ಹಿಂದಿನ 30 ದಿನಗಳೊಳಗಿನ ಯಾವುದೇ ಸಮಯದ ಸ್ಥಿತಿಗೆ ಮರಳಿಸಬಹುದು. ಉದಾಹರಣೆಗೆ, ಭಾನುವಾರ ಸಂಜೆ ಹೊಸ ಫೋನ್ ಸಿದ್ಧಪಡಿಸುವಾಗ ಪಟ್ಟಿ ಖಾಲಿಯಾಗಿದ್ದರೆ ಭಾನುವಾರ ಬೆಳಗಿನ ಸಮಯವನ್ನು ಆರಿಸುವುದು. ಆದರೆ ಹೀಗೆ ಮರಳಿಸಿದಾಗ ಆ ನಂತರ ಸೇರಿಸಿದ ಹೊಸ ಸಂಖ್ಯೆಗಳು ಪಟ್ಟಿಯಿಂದ ಹೋಗುತ್ತವೆ. ಆದ್ದರಿಂದ ಮೊದಲು ಈಗಿರುವ ಪಟ್ಟಿಯ ಒಂದು ಎಕ್ಸ್‌ಪೋರ್ಟ್ ಪ್ರತಿಯನ್ನು ತೆಗೆದಿಟ್ಟುಕೊಂಡೇ ಮುಂದುವರಿಯತಕ್ಕದ್ದು.

ಫೋನ್‌ನ ಸ್ಮೃತಿಯಲ್ಲಿ ಮಾತ್ರ ಉಳಿಸಿದ್ದ ಸಂಖ್ಯೆಗಳಿಗಾಗಿ, ಹೊಸ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಎಂಬ ವಿಭಾಗದೊಳಗೆ 'ರಿಸ್ಟೋರ್ ಕಾಂಟ್ಯಾಕ್ಟ್ಸ್' ಎಂಬುದನ್ನು ನೋಡುವುದು. ಹಳೆಯ ಫೋನ್‌ನ ಹೆಸರು ಅಲ್ಲಿ ಕಂಡುಬಂದರೆ ಅದನ್ನು ಆರಿಸಿ ಸಂಖ್ಯೆಗಳನ್ನು ತರಿಸಿಕೊಳ್ಳಬಹುದು.

ಎಸ್‌ಎಂಎಸ್ ಹಾಗೂ ಕರೆಗಳ ಪಟ್ಟಿಯ ವಿಷಯದಲ್ಲಿ ಸ್ವಲ್ಪ ಕಠಿಣ. ಬಹುತೇಕ ಫೋನ್‌ಗಳಲ್ಲಿ ಇವುಗಳನ್ನು ಆರಂಭಿಕ ಸಿದ್ಧತೆಯ ಸಮಯದಲ್ಲಿ ಮಾತ್ರ ಮರುಸ್ಥಾಪಿಸಲು ಸಾಧ್ಯ. ಆ ಹಂತ ದಾಟಿದ್ದರೆ ಹೊಸ ಫೋನ್ ಅನ್ನು ರೀಸೆಟ್ ಮಾಡಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಾಗೆ ಮಾಡುವ ಮುನ್ನ ಗೂಗಲ್ ಖಾತೆಯಲ್ಲಿ ಹಳೆಯ ಫೋನ್‌ನ ಬ್ಯಾಕಪ್ ನಿಜವಾಗಿಯೂ ಇದೆಯೇ, ಅದರ ದಿನಾಂಕ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳುವುದು ಹಾಗೂ ಖಾತೆಯ ಗುಪ್ತಪದ ತಿಳಿದಿರುವುದು ಅತ್ಯಗತ್ಯ. ಗುಪ್ತಪದ ತಿಳಿಯದೆ ರೀಸೆಟ್ ಮಾಡಿದ ಫೋನ್ ಹಿಂದಿನ ಖಾತೆಯನ್ನೇ ಕೇಳುತ್ತಾ ಬೀಗ ಹಾಕಿಕೊಂಡು ಕೂರುತ್ತದೆ. ಹಳೆಯ ಫೋನ್ 57 ದಿನಗಳ ಕಾಲ ಬಳಕೆಯಾಗದಿದ್ದರೆ ಅದರ ಬ್ಯಾಕಪ್ ಅಳಿಸಿಹೋಗಬಹುದಾದ್ದರಿಂದ ಈ ಕಾರ್ಯವನ್ನು ಮುಂದೂಡುವುದು ತರವಲ್ಲ.

ವಾಟ್ಸ್ಆ್ಯಪ್ ಸಂದೇಶಗಳು

ವಾಟ್ಸ್ಆ್ಯಪ್ ಬ್ಯಾಕಪ್ ಮರಳಿ ಬರಲು ಅದೇ ಮೊಬೈಲ್ ಸಂಖ್ಯೆ ಹಾಗೂ ಬ್ಯಾಕಪ್ ಮಾಡಿದ ಅದೇ ಗೂಗಲ್ ಖಾತೆ ಎರಡೂ ಬೇಕು. ನೋಂದಣಿಯ ಸಮಯದಲ್ಲಿ ಮರುಸ್ಥಾಪನೆಯ ಪ್ರಶ್ನೆಗೆ 'ಸ್ಕಿಪ್' ಎಂದು ಒತ್ತಿದವರು ಅದೇ ದಿನ ಎಚ್ಚೆತ್ತುಕೊಳ್ಳಬೇಕು. ಏಕೆಂದರೆ ಖಾಲಿ ವಾಟ್ಸ್ಆ್ಯಪ್ ಹೊಸದಾಗಿ ಬ್ಯಾಕಪ್ ಮಾಡಿದಾಗ ಗೂಗಲ್ ಡ್ರೈವ್‌ನಲ್ಲಿದ್ದ ಹಳೆಯ ಬ್ಯಾಕಪ್‌ನ ಜಾಗವನ್ನು ಅದು ಆಕ್ರಮಿಸುತ್ತದೆ. ಕೂಡಲೇ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ವಯಂಚಾಲಿತ ಬ್ಯಾಕಪ್ ನಿಲ್ಲಿಸಿ, ಆ್ಯಪ್ ಅನ್ನು ತೆಗೆದು, ಮರಳಿ ಸ್ಥಾಪಿಸಿ, ಈ ಬಾರಿ 'ರಿಸ್ಟೋರ್' ಒತ್ತುವುದು.

ಹಳೆಯ ಫೋನ್ ಕೈಯಲ್ಲಿದ್ದರೆ ಇನ್ನೂ ಸುಲಭ. ಆ್ಯಪ್‌ನ ಚಾಟ್ಸ್ ವಿಭಾಗದಲ್ಲಿ 2023ರಿಂದ 'ಟ್ರಾನ್ಸ್‌ಫರ್ ಚಾಟ್ಸ್' ಎಂಬ ಸೌಲಭ್ಯವಿದ್ದು, ಎರಡೂ ಫೋನ್‌ಗಳನ್ನು ಪಕ್ಕದಲ್ಲಿಟ್ಟು ಕ್ಯೂಆರ್ ಸಂಕೇತವನ್ನು ತೋರಿಸಿದರೆ ಸಂದೇಶಗಳು ನೇರವಾಗಿ ವರ್ಗಾವಣೆಯಾಗುತ್ತವೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರತಿದಿನ ರಾತ್ರಿ 2 ಗಂಟೆಗೆ ಫೋನ್‌ನೊಳಗೇ ಒಂದು ಪ್ರತಿ ತಯಾರಾಗುತ್ತದೆ ಹಾಗೂ ಕಳೆದ ಏಳು ದಿನಗಳ ಪ್ರತಿಗಳು ವಾಟ್ಸ್ಆ್ಯಪ್‌ನ 'ಡೇಟಾಬೇಸಸ್' ಎಂಬ ಫೋಲ್ಡರ್‌ನಲ್ಲಿ ಉಳಿದಿರುತ್ತವೆ. ತಿಳಿದವರ ಸಹಾಯದಿಂದ ಈ ಫೋಲ್ಡರ್ ಅನ್ನು ಹೊಸ ಫೋನ್‌ನ ಅದೇ ಜಾಗಕ್ಕೆ ನಕಲು ಮಾಡಿ, ನಂತರ ವಾಟ್ಸ್ಆ್ಯಪ್ ಸ್ಥಾಪಿಸಿದರೆ ಮರುಸ್ಥಾಪನೆ ಸಾಧ್ಯ. ಬ್ಯಾಕಪ್‌ಗೆ ಪ್ರತ್ಯೇಕ ಗುಪ್ತಪದ ಅಥವಾ 64 ಅಂಕಿಗಳ ಕೀಲಿಯನ್ನು ಇಟ್ಟು ಮರೆತವರಿಗೆ ಮಾತ್ರ ಯಾವ ದಾರಿಯೂ ಇಲ್ಲ; ಸದರಿ ಸಂಸ್ಥೆಯೂ ಅದನ್ನು ತೆರೆಯಲಾರದು.

ಐಫೋನ್ ಬಳಕೆದಾರರು ಐಕ್ಲೌಡ್ ಜಾಲತಾಣದ 'ಡೇಟಾ ರಿಕವರಿ' ವಿಭಾಗದಲ್ಲಿ ಹಿಂದಿನ ದಿನಾಂಕದ ಸಂಪರ್ಕ ಪಟ್ಟಿಯನ್ನು ಮರಳಿ ಪಡೆಯಬಹುದು. ಬ್ಯಾಕಪ್ ಮಾಡಿದ ಫೋನ್‌ಗಿಂತ ಹೊಸ ಫೋನ್‌ನ ಐಓಎಸ್ ಆವೃತ್ತಿ ಹಳೆಯದಾಗಿದ್ದರೆ ಮೊದಲು ಅದನ್ನು ನವೀಕರಿಸುವುದು.

ಯಾವ ಬ್ಯಾಕಪ್ ಕೂಡ ಇಲ್ಲದಿದ್ದರೆ

ಇಂತಹವರು ಸಂಖ್ಯೆಗಳನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಕೆಲಸ ನಿಧಾನವಾದರೂ ಅಸಾಧ್ಯವೇನಲ್ಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ಗ್ರಾಹಕ ಸಂರಕ್ಷಣಾ ನಿಯಮಗಳಂತೆ, ಪ್ರೀಪೇಯ್ಡ್ ಗ್ರಾಹಕರೂ ತಮ್ಮ ಬಳಕೆಯ ವಿವರವಾದ ಪಟ್ಟಿಯನ್ನು ಸೇವಾ ಸಂಸ್ಥೆಯಿಂದ ಕೋರಿ ಪಡೆಯಬಹುದಾಗಿದೆ. ಇದಕ್ಕೆ 50 ರೂಪಾಯಿಗೆ ಮೀರದ ಶುಲ್ಕ ವಿಧಿಸಬಹುದಾಗಿದ್ದು, ಹಿಂದಿನ ಆರು ತಿಂಗಳೊಳಗಿನ ವಿವರ ಮಾತ್ರ ದೊರೆಯುತ್ತದೆ. ತಾವು ಕರೆ ಮಾಡಿದ ಸಂಖ್ಯೆಗಳು ಅದರಲ್ಲಿರುತ್ತವೆ, ಹೆಸರುಗಳಿರುವುದಿಲ್ಲ. ಪದೇ ಪದೇ ಬಂದಿರುವ ಸಂಖ್ಯೆಗಳನ್ನು ಮನೆಯವರೊಡನೆ ಕುಳಿತು ಗುರುತಿಸಿದರೆ ಮುಖ್ಯವಾದವು ಹೆಚ್ಚಿನವು ಸಿಗುತ್ತವೆ. ಊರಿನ, ಸಂಘದ ಹಾಗೂ ಶಾಲೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸದಸ್ಯರ ಸಂಖ್ಯೆಗಳು ಕಾಣುತ್ತವೆ. ಮನೆಯ ಇನ್ನೊಬ್ಬರ ಫೋನ್‌ನಿಂದ ಬಂಧುಗಳ ಸಂಖ್ಯೆಗಳನ್ನು ಒಟ್ಟಾಗಿ ಹಂಚಿಕೊಳ್ಳಬಹುದು.

ನಿಧನ ಹೊಂದಿದವರ ಫೋನ್ ಬಗ್ಗೆ

ಈ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದು ಅವಶ್ಯವೆನಿಸಿದೆ. ಮನೆಯ ಯಜಮಾನರು ತೀರಿಕೊಂಡ ನಂತರ ಪೌತಿ ಖಾತೆ, ವಂಶವೃಕ್ಷ, ವಿಧವಾ ವೇತನ ಮುಂತಾದ ಅರ್ಜಿಗಳಿಗಾಗಿ ಬೆಂಗಳೂರಿನಲ್ಲೋ ಅನಂತಪುರದಲ್ಲೋ ಇರುವ ದಾಯಾದಿಗಳನ್ನು ಹಾಗೂ ಸಾಲ ಕೊಟ್ಟವರನ್ನು, ಪಡೆದವರನ್ನು ಸಂಪರ್ಕಿಸಬೇಕಾಗುತ್ತದೆ. ಆ ಸಂಖ್ಯೆಗಳೆಲ್ಲ ಮೃತರ ಫೋನ್‌ನಲ್ಲಿಯೇ ಇರುತ್ತವೆ. ಅದೇ ಫೋನ್ ಅನ್ನು ಮಗನ ಅಥವಾ ಮಗಳ ಓದಿಗೆಂದು ರೀಸೆಟ್ ಮಾಡಿಸಿ ಕೊಟ್ಟ ಮೇಲೆ ಬ್ಯಾಕಪ್ ಹುಡುಕುವ ಕುಟುಂಬಗಳ ಕಷ್ಟ ಹೇಳತೀರದು. ಸಂಖ್ಯೆಗಳೊಡನೆ ಅವರ ಧ್ವನಿ ಸಂದೇಶಗಳೂ ಚಿತ್ರಗಳೂ ಹೋಗಿರುತ್ತವೆ. ಅದಕ್ಕೆ ದೃಢೀಕೃತ ನಕಲು ನೀಡುವ ಕಚೇರಿ ಯಾವುದೂ ಇಲ್ಲ.

ಆದ್ದರಿಂದ ಮೃತರ ಫೋನ್ ಹಾಗೂ ಸಿಮ್ ಅನ್ನು ಪೌತಿ ಖಾತೆಯ ಕೆಲಸ ಮುಗಿಯುವವರೆಗಾದರೂ ಹಾಗೆಯೇ ಇಡುವುದು. ಸಿಮ್‌ಗೆ ರೀಚಾರ್ಜ್ ಮಾಡದೆ ಬಿಟ್ಟರೆ ಸಂಪರ್ಕ ಕಡಿತಗೊಂಡು, ಕನಿಷ್ಠ 90 ದಿನಗಳ ನಂತರ ಅದೇ ಸಂಖ್ಯೆಯನ್ನು ಬೇರೊಬ್ಬರಿಗೆ ನೀಡಲು ಅವಕಾಶವಿದೆ. ಆಮೇಲೆ ಬ್ಯಾಂಕಿನ ಸಂದೇಶಗಳು ಅಪರಿಚಿತರಿಗೆ ಹೋಗುತ್ತವೆ. ಫೋನ್‌ನ ಪಿನ್ ತಿಳಿದಿದ್ದರೆ ಮೊದಲ ವಾರದಲ್ಲಿಯೇ ಸಂಖ್ಯೆಗಳ ವಿಸಿಎಫ್ ಪ್ರತಿ ಹಾಗೂ ಚಿತ್ರಗಳ ಪ್ರತಿಯನ್ನು ತೆಗೆದಿಡುವುದು. ಪಿನ್ ತಿಳಿಯದಿದ್ದಲ್ಲಿ ಗೂಗಲ್ ಸಂಸ್ಥೆಯು ಮೃತರ ಖಾತೆಯ ಬಗ್ಗೆ ಹತ್ತಿರದ ಬಂಧುಗಳಿಂದ ಕೋರಿಕೆ ಸ್ವೀಕರಿಸುತ್ತದೆ. ಮರಣ ಪ್ರಮಾಣಪತ್ರ ಅದಕ್ಕೂ ಬೇಕಾಗುವುದರಿಂದ ಒಂದೆರಡು ಹೆಚ್ಚುವರಿ ಪ್ರತಿಗಳನ್ನು ಪಡೆದಿರುವುದು ಒಳ್ಳೆಯದು.

ಮಧ್ಯವರ್ತಿಗಳು ಹಾಗೂ ವಂಚನೆ

ಅಳಿಸಿದ ದತ್ತಾಂಶವನ್ನು ಮರಳಿ ತರುವುದಾಗಿ ಹೇಳಿ ಹಣ ಕೇಳುವ ಆ್ಯಪ್‌ಗಳು ಬಹಳಷ್ಟಿವೆ. ಸಂಕೇತೀಕರಣದ ಬಗ್ಗೆ ಮೇಲೆ ಹೇಳಿರುವುದನ್ನು ನೆನಪಿಟ್ಟರೆ ಅವುಗಳ ಭರವಸೆ ಎಷ್ಟೆಂಬುದು ತಿಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು ಸ್ಥಾಪಿಸತಕ್ಕದ್ದಲ್ಲ. ಸಹಾಯ ಮಾಡುವ ನೆಪದಲ್ಲಿ ಫೋನ್‌ನ ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಸಿಕೊಳ್ಳುವವರಿಗೆ ಓಟಿಪಿಯೂ ಬ್ಯಾಂಕ್ ಖಾತೆಯೂ ಒಟ್ಟಿಗೇ ಕಾಣುತ್ತವೆ. ಅಂಗಡಿಯಲ್ಲಿ ದುರಸ್ತಿಗೆ ಕೊಡುವಾಗ ಸಿಮ್ ಹಾಗೂ ಮೆಮೊರಿ ಕಾರ್ಡ್ ತೆಗೆದು ಕೊಡುವುದು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡುವುದು. ಮೊದಲ ಕೆಲವು ಗಂಟೆಗಳಲ್ಲಿ ದೂರು ದಾಖಲಾದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಳೆಯ ಫೋನ್ ಕಳವಾಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ನೀಡಿ, 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದ ಮೂಲಕ ಅದರ ಐಎಂಇಐ ಸಂಖ್ಯೆಯನ್ನು ತಡೆಹಿಡಿಯಬಹುದು. ಈ 15 ಅಂಕಿಗಳ ಸಂಖ್ಯೆ ಫೋನ್‌ನ ಪೆಟ್ಟಿಗೆ ಹಾಗೂ ಬಿಲ್ಲಿನ ಮೇಲೆ ಇರುತ್ತದೆ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ನೋಡಿ ಪಡಿತರ ಚೀಟಿಯ ಹಿಂಬದಿಯಲ್ಲೋ ಪಾಸ್‌ಬುಕ್‌ನ ಕೊನೆಯ ಪುಟದಲ್ಲೋ ಬರೆದಿಡುವುದು. ಅದೇ ಪುಟದಲ್ಲಿ ಗೂಗಲ್ ಖಾತೆಯ ಹೆಸರು, ಚಾಲ್ತಿಯಲ್ಲಿರುವ ಅರ್ಜಿಯ ಸ್ವೀಕೃತಿ ಸಂಖ್ಯೆ ಹಾಗೂ ಅತಿ ಮುಖ್ಯವಾದ ಹತ್ತು ದೂರವಾಣಿ ಸಂಖ್ಯೆಗಳಿಗೂ ಸ್ಥಳ ಸಾಕಾಗುತ್ತದೆ. ಗುಪ್ತಪದ ಹಾಗೂ ಪಿನ್ ಮಾತ್ರ ಪಾಸ್‌ಬುಕ್‌ನಲ್ಲಿ ಬರೆಯತಕ್ಕದ್ದಲ್ಲ.